ಇಂಜೆಕ್ಷನ್‌ಗೆ ಕಾಯುವ ಹೊತ್ತಿನಲ್ಲಿ

“ಡಾಕ್ಟ್ರೇ, ಆ ಹದಿನಾರು ಕೋಟಿ ಇಂಜೆಕ್ಷನ್ ಹಾಕ್ಸಿದ್ರೆ ಮಗು ಎದ್ದು ಓಡಾಡುತ್ತೆ ಅಲ್ವಾ?”

ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಕೇಳುವವರ ಮೇಲೆ ಸಿಟ್ಟಿಲ್ಲ. ಟಿವಿಯಲ್ಲಿ, ಫೋನಿನಲ್ಲಿ ಅವರಿಗೆ ಕಾಣಿಸುವುದೇ ಹಾಗೆ. ಒಂದು ಮಗುವಿನ ಫೋಟೊ, ಅದರ ಕೆಳಗೆ ಕೋಟಿಗಟ್ಟಲೆ ಮೊತ್ತ. ದುಡ್ಡು ಕೂಡಿತು, ಇಂಜೆಕ್ಷನ್ ಕೊಟ್ಟರು, ಎಲ್ಲರೂ ಚಪ್ಪಾಳೆ ಹೊಡೆದರು. ಎರಡು ವರ್ಷದ ಮೇಲೆ ಆ ಮಗು ಹೇಗಿದೆ ಎಂದು ಯಾವ ಚಾನೆಲ್ಲೂ ತೋರಿಸುವುದಿಲ್ಲ.

ನನ್ನ ಕ್ಲಿನಿಕ್‌ಗೆ ಬರುವ ಮಕ್ಕಳಲ್ಲಿ ಎಸ್‌ಎಂಎ ಮತ್ತು ಡಿಎಂಡಿ ಇರುವವರೇ ಜಾಸ್ತಿ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಎರಡೂ ಜೀನಿನ ದೋಷದಿಂದ ಮಗುವಿನ ಸ್ನಾಯುಗಳು ಸೋಲುತ್ತಾ ಹೋಗುವ ಕಾಯಿಲೆಗಳು. ಆ ಹದಿನಾರು ಕೋಟಿ ಇಂಜೆಕ್ಷನ್ ಮೊದಲನೆಯದಕ್ಕೆ. ಇವು ಹೇಗೆ ಬರುತ್ತವೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮಗುವಿಗೆ ಈ ಹೆಸರು ಅಂಟಿದ ಮನೆಯವರು ಅದನ್ನೆಲ್ಲ ಒಂದೇ ವಾರದಲ್ಲಿ ಓದಿ ಮುಗಿಸಿರುತ್ತಾರೆ. ಆದರೆ ಎಷ್ಟು ಓದಿದರೂ ಒಂದು ವಿಷಯ ಮಾತ್ರ ಒಳಗೆ ಇಳಿಯುವುದಿಲ್ಲ. ಬುದ್ಧಿಗೆ ಅರ್ಥವಾದರೂ ಮನಸ್ಸು ಬಿಟ್ಟುಕೊಳ್ಳುವುದಿಲ್ಲ.

ಈಗ ಇರುವ ಔಷಧಿಗಳು ಕಾಯಿಲೆಯನ್ನು ತಡೆಯುತ್ತವೆ. ಹೋದದ್ದನ್ನು ತಂದುಕೊಡುವುದಿಲ್ಲ.

ಇದನ್ನೇ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ನಾಯುಗಳಿಗೆ ‘ಅಲುಗು’ ಎಂದು ಆಜ್ಞೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿ ಇರುತ್ತವೆ. ಅವು ಬದುಕಲು ಎಸ್‌ಎಂಎನ್ ಎಂಬ ಪ್ರೋಟೀನ್ ಬೇಕು. ಎಸ್‌ಎಂಎ ಮಕ್ಕಳಲ್ಲಿ ಅದು ಸಾಲುವುದಿಲ್ಲ. ಹಾಗಾಗಿ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕಾಯಿಲೆಯ ತೀವ್ರ ರೂಪದಲ್ಲಿ ಹುಟ್ಟಿದ ಮೊದಲ ಆರು ತಿಂಗಳೊಳಗೇ ಬಹುಪಾಲು ಹೋಗಿಬಿಟ್ಟಿರುತ್ತವೆ. ಇಂಜೆಕ್ಷನ್ ಮಾಡುವ ಕೆಲಸ ಇಷ್ಟೇ: ಇನ್ನೂ ಉಳಿದಿರುವ ಕೋಶಗಳಿಗೆ ಆ ಪ್ರೋಟೀನ್ ಸಿಗುವ ಹಾಗೆ ಮಾಡುವುದು. ಸೊರಗಿದ್ದರೂ ಜೀವ ಇರುವ ಕೋಶಗಳು ಚೇತರಿಸಿಕೊಳ್ಳುತ್ತವೆ. ಅದಕ್ಕೇ ಕೆಲವು ಮಕ್ಕಳು ಔಷಧಿ ಶುರುವಾದ ಮೇಲೆ ಕತ್ತು ನಿಲ್ಲಿಸುತ್ತವೆ, ಕೂರುತ್ತವೆ. ನೀವು ವಿಡಿಯೊದಲ್ಲಿ ನೋಡಿದ್ದು ಅದನ್ನೇ. ಸತ್ತ ಕೋಶ ಮಾತ್ರ ಸತ್ತಿತು. ಎರಡು ಕೋಟಿ ಕೊಟ್ಟರೂ ಅಷ್ಟೇ, ಇಪ್ಪತ್ತು ಕೋಟಿ ಕೊಟ್ಟರೂ ಅಷ್ಟೇ.

ಚನ್ನಗಿರಿ ಕಡೆಯ ಒಬ್ಬ ಅಡಿಕೆ ಬೆಳೆಗಾರರಿಗೆ ಇದನ್ನು ಹೇಳುತ್ತಿದ್ದೆ. ಮಾತು ಮುಗಿಯುವ ಮೊದಲೇ ಅವರು ತಡೆದರು. “ಗೊತ್ತಾಯ್ತು ಬಿಡಿ. ಬರಗಾಲದಲ್ಲಿ ಟ್ಯಾಂಕರ್ ನೀರು ಹೊಡೆದಂಗೆ. ನಿಂತಿರೋ ಮರ ಉಳೀತದೆ, ಸುಳಿ ಬಿದ್ದದ್ದು ಚಿಗುರಲ್ಲ.” ನಾನು ಇಷ್ಟು ವರ್ಷ ಚಿತ್ರ ಬರೆದು ತೋರಿಸಿದ್ದಕ್ಕಿಂತ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ತಡ ಮಾಡಂಗಿಲ್ಲ” ಅಂದರು. ನನಗೆ ಬೇಕಾಗಿದ್ದೂ ಆ ಎರಡನೇ ಮಾತೇ.

ಮಗುವಿಗೆ ಮದ್ದು ಹುಡುಕುವ ಅಪ್ಪ ಅಮ್ಮಂದಿರನ್ನು ಹಗುರವಾಗಿ ನೋಡುವ ವೈದ್ಯರಿದ್ದಾರೆ. ನಾನು ಆ ಪೈಕಿ ಅಲ್ಲ. ಅಮೆರಿಕದ ಒಡೋನೆ ದಂಪತಿ ವೈದ್ಯರಾಗಿರಲಿಲ್ಲ. ಗಂಡ ಆಗಸ್ಟೊ ವಿಶ್ವಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞ. 1984ರಲ್ಲಿ ಅವರ ಮಗ ಲೊರೆಂಜೊಗೆ ಎಎಲ್‌ಡಿ ಎಂಬ ಮಿದುಳಿನ ಕಾಯಿಲೆ ಇದೆ ಎಂದು ಗೊತ್ತಾಯಿತು. ಗಂಡ ಹೆಂಡತಿ ಲೈಬ್ರರಿಯಲ್ಲಿ ಕೂತು ಜೀವರಸಾಯನಶಾಸ್ತ್ರ ಕಲಿತರು. ವಿಜ್ಞಾನಿಗಳನ್ನು ಒಂದೆಡೆ ಸೇರಿಸಿದರು. ಒಂದು ಎಣ್ಣೆಯ ಮಿಶ್ರಣ ಮಾಡಿಸಿದರು. ರಕ್ತದಲ್ಲಿ ಏರಿದ್ದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಅದರಿಂದ ನಿಜಕ್ಕೂ ಇಳಿದವು.

ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಏನಾಯಿತು ಗೊತ್ತಾ? ಅಷ್ಟರಲ್ಲಿ ಲೊರೆಂಜೊನ ಮಾತು, ನೋಟ, ನಡಿಗೆ ಎಲ್ಲ ಹೋಗಿದ್ದವು. ಎಣ್ಣೆ ಅವನ್ನು ವಾಪಸ್ ಕೊಡಲಿಲ್ಲ. 2005ರಲ್ಲಿ ಎಎಲ್‌ಡಿ ತಜ್ಞ ಹ್ಯೂಗೊ ಮೋಸರ್ ತಂಡ ಪ್ರಕಟಿಸಿದ ಅಧ್ಯಯನ ನೋಡಿದರೆ, ಎಣ್ಣೆಯಿಂದ ಒಂದಿಷ್ಟು ಪ್ರಯೋಜನ ಕಂಡಿದ್ದು ಇನ್ನೂ ಯಾವ ಲಕ್ಷಣವೂ ಇಲ್ಲದ ಹುಡುಗರಲ್ಲಿ. ಅದರ ಬಗ್ಗೆಯೂ ತಜ್ಞರಲ್ಲಿ ಒಮ್ಮತ ಇಲ್ಲ. ಆದರೂ ವೈದ್ಯರು ಎರಡೇ ವರ್ಷ ಅಂದಿದ್ದ ಹುಡುಗ 2008ರವರೆಗೆ, ಮೂವತ್ತು ವರ್ಷ ಬದುಕಿದ. ಹೇಗೆ? ಖಚಿತವಾಗಿ ಹೇಳಲಾಗದು, ಆದರೆ ನನ್ನ ಅಭಿಪ್ರಾಯ ಕೇಳಿದರೆ, ಹಗಲು ರಾತ್ರಿ ಅವನ ಪಕ್ಕ ಯಾರಾದರೂ ಇರುತ್ತಿದ್ದರು. ಎಂಜಲು ಗಂಟಲಲ್ಲಿ ನಿಲ್ಲದ ಹಾಗೆ ತೆಗೆಯುತ್ತಿದ್ದರು, ನಳಿಕೆಯಲ್ಲಿ ಊಟ ಕೊಡುತ್ತಿದ್ದರು. ಜಗತ್ತು ಎಣ್ಣೆಯನ್ನು ನೆನಪಿಟ್ಟುಕೊಂಡಿತು. ಈ ಚಾಕರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಇಂಜೆಕ್ಷನ್‌ಗೆ ಕಾಯುತ್ತಾ ಮನೆಯವರು ಮಗುವನ್ನು ನೋಡಿಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಾರೆ. ಪ್ರೀತಿಗೆ ಕೊರತೆ ಇಲ್ಲ. ‘ಔಷಧಿ ಬಂದ ಮೇಲೆ ಎಲ್ಲ ಸರಿಹೋಗುತ್ತಲ್ಲ, ಈಗ್ಯಾಕೆ ಆ ಮಷಿನ್ನು, ಆ ಬೂಟು’ ಅನ್ನುವ ಲೆಕ್ಕ. ಫಿಸಿಯೊಥೆರಪಿ ಬಿಟ್ಟುಹೋಗುತ್ತದೆ. ಪಾದದ ಸ್ಪ್ಲಿಂಟ್ ಅಟ್ಟ ಸೇರುತ್ತದೆ. ಬೆನ್ನು ಬಾಗುತ್ತಾ ಬರುತ್ತದೆ.

ಹಾವೇರಿ ಕಡೆಯ ಒಂದು ಕುಟುಂಬ ಬಂದಿತ್ತು. ಹುಡುಗನಿಗೆ ಆರು ವರ್ಷ, ಎಸ್‌ಎಂಎ ಟೈಪ್ ಎರಡು, ಅಂದರೆ ಕೂರಬಲ್ಲ, ಆದರೆ ತಾನಾಗಿ ನಡೆಯಲಾಗದ ರೂಪ. ತಂದೆ ಲ್ಯಾಪ್‌ಟಾಪ್ ತೆಗೆದು ಕೂತರು. ಯಾವ ದೇಶದಲ್ಲಿ ಯಾವ ಟ್ರಯಲ್ ನಡೆಯುತ್ತಿದೆ, ಯಾವ ವೈರಸ್‌ನಲ್ಲಿ ಜೀನ್ ಸಾಗಿಸುತ್ತಾರೆ, ಎಲ್ಲ ಬಾಯಿಪಾಠ. ನಾನು ಕೇಳಿದ್ದು ಒಂದೇ ಪ್ರಶ್ನೆ: “ರಾತ್ರಿ ಹೇಗೆ ಮಲಗುತ್ತಾನೆ?” ತಂದೆ ತಾಯಿಯ ಮುಖ ನೋಡಿದರು, ತಾಯಿ ಅತ್ತೆಯ ಮುಖ ನೋಡಿದರು. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಹೇಳಿದರು: “ನಾಕ್ ಸಲ ಮಗ್ಗಲ ಹೊಳ್ಳಿಸ್ಬೇಕ್ರೀ. ಮೈಯೆಲ್ಲಾ ಬೆವರ್ತದ. ಮುಂಜಾನೆ ಎದ್ದ ಕೂಡ್ಲೆ ತಲಿ ನೋವು ಅಂತಾನ್ರೀ, ನಾಷ್ಟಾ ಒಲ್ಲೆ ಅಂತಾನ.”

ಲ್ಯಾಪ್‌ಟಾಪ್‌ನಲ್ಲಿ ಇಲ್ಲದ ಮಾಹಿತಿ ಅದು. ಈ ಮಕ್ಕಳಲ್ಲಿ ಪಕ್ಕೆಲುಬಿನ ನಡುವಿನ ಸ್ನಾಯು ಸೋತಿರುತ್ತದೆ, ಉಸಿರಾಟ ಹೊಟ್ಟೆಯ ಮೇಲೆ ನಡೆಯುತ್ತದೆ. ನಿದ್ದೆಯಲ್ಲಿ ಅದೂ ಸಾಲದೆ ಕಾರ್ಬನ್ ಡೈ ಆಕ್ಸೈಡ್ ಒಳಗೇ ಉಳಿಯುತ್ತದೆ. ಬೆವರು, ಬೆಳಗಿನ ತಲೆನೋವು, ಹಸಿವಿಲ್ಲದಿರುವುದು, ಎಲ್ಲ ಅದರ ಗುರುತು. ನಿದ್ದೆಯ ಪರೀಕ್ಷೆ ಮಾಡಿಸಿದೆವು, ರಾತ್ರಿ ಹೊತ್ತಿಗೆ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರು ಒಳಗೆ ತಳ್ಳುವ ಮಷಿನ್) ಶುರು ಮಾಡಿದೆವು. ಮುಂದಿನ ಸಲ ಬಂದಾಗ ಹುಡುಗ ಇಡ್ಲಿ ಲೆಕ್ಕ ಹೇಳುತ್ತಿದ್ದ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಥ ಮಗುವಿಗೆ ಉಸಿರು ಕಷ್ಟವಾದಾಗ ಊರಿನ ಆಸ್ಪತ್ರೆಯಲ್ಲಿ ಬರೀ ಆಕ್ಸಿಜನ್ ಹಚ್ಚಿ ಮಲಗಿಸಿದರೆ ಅಪಾಯ ತಪ್ಪಿತು ಅಂದುಕೊಳ್ಳಬೇಡಿ. ಮಾನಿಟರ್‌ನಲ್ಲಿ ನಂಬರ್ ಚೆನ್ನಾಗಿ ಕಾಣುತ್ತದೆ, ಒಳಗೆ ಕಾರ್ಬನ್ ಡೈ ಆಕ್ಸೈಡ್ ಏರುತ್ತಲೇ ಇರಬಹುದು. ಬೇಕಾಗಿರುವುದು ಉಸಿರನ್ನು ಒಳಗೆ ತಳ್ಳುವ ಸಹಾಯ, ಕೆಮ್ಮಿಸಿ ಕಫ ತೆಗೆಯುವ ಸಹಾಯ. ಪ್ರತಿ ಮಗುವಿನ ಸ್ಥಿತಿ ಬೇರೆ. ಆದ್ದರಿಂದ ನಿಮ್ಮ ವೈದ್ಯರಿಂದ ಒಂದು ಪುಟದ ತುರ್ತು ಚೀಟಿ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಶೀತ ನೆಗಡಿ ಬಂದಾಗ ಮಗುವನ್ನು ಹೆಚ್ಚು ಹೊತ್ತು ಹಸಿದಿರಲು ಬಿಡಬೇಡಿ.

ಈಗ ಬೆಲೆಯ ಮಾತು. ಬೆಲೆ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆ ಇಂಜೆಕ್ಷನ್ನಿನ ಹೆಸರು ಜೊಲ್ಗೆನ್ಸ್ಮಾ. ಅದು 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಾಗ ಬೆಲೆ 21 ಲಕ್ಷ ಡಾಲರ್‌ಗೂ ಮೇಲೆ. ಹದಿನಾರು ಕೋಟಿ ಅನ್ನುವ ಸಂಖ್ಯೆ ಅಲ್ಲಿಂದ ಬಂದದ್ದು. ಆಗ ಅಲ್ಲಿ ಒಪ್ಪಿಗೆ ಕೊಟ್ಟಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. ಅದೇ ಕಾಯಿಲೆಗೆ ಬಾಯಲ್ಲಿ ಕುಡಿಸುವ ರಿಸ್ಡಿಪ್ಲಾಮ್ ಬಂದಿದ್ದು 2020ರಲ್ಲಿ. ಈ ಎರಡನ್ನೂ ನೇರವಾಗಿ ಎದುರುಬದುರು ಇಟ್ಟು ಹೋಲಿಸಿದ ಟ್ರಯಲ್ ಇಲ್ಲ. ಆದರೂ ದೇಣಿಗೆ ಕೂಡಿಸುತ್ತಿರುವ ಕೆಲವರು ‘ದೊಡ್ಡ ಔಷಧಿ ಬರುವವರೆಗೆ ಸಣ್ಣದು ಬೇಡ’ ಅಂತ ಕೂತುಬಿಡುತ್ತಾರೆ. ಅತ್ತ ಖಾತೆಯಲ್ಲಿ ಲಕ್ಷಗಳು ಏರುತ್ತವೆ, ಇತ್ತ ಮಗುವಿನ ನರಕೋಶ ಕಮ್ಮಿಯಾಗುತ್ತಿರುತ್ತವೆ. ಒಂದು ಔಷಧಿ ಶುರು ಮಾಡಿ ಆಮೇಲೆ ಇನ್ನೊಂದಕ್ಕೆ ಹೋದ ಮಕ್ಕಳು ಬೇಕಾದಷ್ಟಿದ್ದಾರೆ. ನಿಮ್ಮ ಮಗುವಿಗೆ ಹೊಂದುತ್ತದಾ ಎಂದು ವೈದ್ಯರ ಹತ್ತಿರ ಕೇಳಿ. ಕೇಳದೆ ಕಾಯಬೇಡಿ.

2025ರಲ್ಲಿ ಲೆಕ್ಕವೂ ಬದಲಾಯಿತು. ಮೂಲ ಕಂಪನಿಯ ಪೇಟೆಂಟ್ ತಕರಾರಿನಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಡಲು ಒಪ್ಪದಿದ್ದಾಗ ನ್ಯಾಟ್ಕೊ ಕಂಪನಿ ಇದೇ ರಿಸ್ಡಿಪ್ಲಾಮ್ ಅನ್ನು ಬಾಟಲಿಗೆ 15,900 ರೂಪಾಯಿ ಬೆಲೆಗೆ ತಂದಿತು. ಮೊದಲು ಬಾಟಲಿಗೆ ಆರು ಲಕ್ಷದ ಆಸುಪಾಸು ಇತ್ತು. ಇಪ್ಪತ್ತು ಕೆಜಿ ಮೀರಿದ ಮಗುವಿಗೆ ಒಂದು ಬಾಟಲಿ ಹನ್ನೆರಡು ದಿನ ಬರುತ್ತದೆ, ಅಂದರೆ ಆ ಬೆಲೆಗೆ ವರ್ಷಕ್ಕೆ ಐದು ಲಕ್ಷದ ಹತ್ತಿರ. ಸಣ್ಣ ಮೊತ್ತವೇನಲ್ಲ. ಆದರೆ ಹದಿನಾರು ಕೋಟಿಗೆ ಕೈಯೊಡ್ಡಿ ಕೂರುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ನೆರವಿಗೆ ಅವಕಾಶ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥ ಕೇಂದ್ರ. ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಹೆಸರು ನೋಂದಾಯಿಸದೇ ಇದ್ದರಂತೂ ಸಿಗುವುದಿಲ್ಲ.

ಕಳೆದ ವರ್ಷದಿಂದ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. “ಅಮೆರಿಕದಲ್ಲಿ ಒಂದು ಮಗುವಿಗೋಸ್ಕರವೇ ಔಷಧಿ ಮಾಡಿದ್ರಂತಲ್ಲ, ನಮಗೂ ಮಾಡ್ತಾರಾ?” ನಿಜ, ಫಿಲಡೆಲ್ಫಿಯಾದ ಕೆಜೆ ಎಂಬ ಮಗುವಿಗೆ 2025ರಲ್ಲಿ ಜೀನ್ ತಿದ್ದುವ ಚಿಕಿತ್ಸೆ ಕೊಟ್ಟರು. ಅವನದು ಯಕೃತ್ತಿನ ಕಾಯಿಲೆ; ಪ್ರೋಟೀನಿನಿಂದ ಹುಟ್ಟುವ ಅಮೋನಿಯಾ ರಕ್ತದಲ್ಲಿ ಏರಿ ಮಿದುಳನ್ನು ಹಾಳು ಮಾಡುತ್ತದೆ. ರಕ್ತಕ್ಕೆ ಕೊಟ್ಟ ಔಷಧಿ ಯಕೃತ್ತಿಗೆ ಸುಲಭವಾಗಿ ತಲುಪುತ್ತದೆ, ಮಿದುಳು ಬೆನ್ನುಹುರಿಗೆ ಅಷ್ಟು ಸುಲಭವಲ್ಲ. ನಾನು ಬೆಟ್ಟು ಮಾಡಿ ತೋರಿಸುವುದು ಇನ್ನೊಂದನ್ನು. ಹುಟ್ಟಿದ ಕೆಲವೇ ದಿನಗಳಲ್ಲಿ ಕಾಯಿಲೆ ಗೊತ್ತಾಯಿತು. ಔಷಧಿ ತಯಾರಾಗಲು ಆರು ತಿಂಗಳು ಹಿಡಿಯಿತು. ಆ ಆರು ತಿಂಗಳು ಅವನನ್ನು ಉಳಿಸಿದ್ದು ಅಳೆದು ಕೊಟ್ಟ ಪ್ರೋಟೀನ್ ಮತ್ತು ರಕ್ತದಲ್ಲಿ ಅಮೋನಿಯಾ ಏರದಂತೆ ತಡೆಯುವ ಔಷಧಿಗಳು. ಅಷ್ಟರಲ್ಲಿ ಅವನ ಮಿದುಳಿಗೆ ಪೆಟ್ಟು ಬಿದ್ದಿದ್ದರೆ ಯಾವ ಜೀನ್ ತಿದ್ದಿ ಏನು ಪ್ರಯೋಜನ?

ಡಿಎಂಡಿ ಬಗ್ಗೆ ಎರಡೇ ಮಾತು. ಸ್ಟೀರಾಯ್ಡ್ ಹಳೆಯ ಔಷಧಿ, ಅಗ್ಗ. ಅದಕ್ಕೇ ಅದರ ಮೇಲೆ ಗೌರವ ಕಮ್ಮಿ. ಆದರೆ ಹುಡುಗನ ನಡಿಗೆ ನಿಲ್ಲುವ ಕಾಲವನ್ನು ಅದು ಕೆಲವು ವರ್ಷ ಮುಂದೂಡುತ್ತದೆ. ‘ಮುಖ ಊದಿತು’ ಎಂದು ನೀವೇ ತಟಕ್ಕನೆ ನಿಲ್ಲಿಸಬೇಡಿ, ಅಪಾಯ. ಇನ್ನು ಡಿಎಂಡಿಯ ಜೀನ್ ಥೆರಪಿ: ಅದನ್ನು ಪಡೆದ, ಆಗಲೇ ನಡಿಗೆ ನಿಂತಿದ್ದ ಇಬ್ಬರು ಹುಡುಗರು ಯಕೃತ್ತು ಕೈಕೊಟ್ಟು ತೀರಿಕೊಂಡರು. 2025ರಲ್ಲಿ ನಡೆಯಲಾಗದ ಹುಡುಗರಿಗೆ ಅದನ್ನು ಕೊಡುವುದನ್ನು ಕಂಪನಿ ನಿಲ್ಲಿಸಿತು. ತಡವಾಗಿ ಕೊಟ್ಟಾಗ ಲಾಭ ಕಮ್ಮಿ ಆಗುವುದು ಮಾತ್ರವಲ್ಲ, ಅಪಾಯವೂ ಹೆಚ್ಚಬಹುದು.

ಹೊಸ ಕೋಶ ಹಾಕಿ ಗುಣ ಮಾಡುತ್ತೇವೆ, ಸ್ಟೆಮ್ ಸೆಲ್ ಅಂತ ಪ್ಯಾಕೇಜ್ ಮಾರುವವರ ಬಗ್ಗೆ ಮಾತಾಡಿದರೆ ನನ್ನ ಬಿಪಿ ಏರುತ್ತದೆ, ಹಾಗಾಗಿ ಚಿಕ್ಕದಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟು ಉಳಿದದ್ದೆಲ್ಲ ಕ್ಲಿನಿಕಲ್ ಟ್ರಯಲ್ ಒಳಗೇ ನಡೆಯಬೇಕು. ಟ್ರಯಲ್ ಅಂದಮೇಲೆ ರೋಗಿಯ ಹತ್ತಿರ ದುಡ್ಡು ತೆಗೆದುಕೊಳ್ಳುವಂತಿಲ್ಲ. ‘ಟ್ರಯಲ್’ ಅಂತಲೂ ಹೇಳಿ ಬಿಲ್ಲೂ ಕೊಟ್ಟರೆ ಎದ್ದು ಬನ್ನಿ.

ಇಷ್ಟೆಲ್ಲ ಹುಡುಕಾಟದ ನಡುವೆ ಮನೆಯಲ್ಲಿ ಇನ್ನೊಂದು ಮಗು ಹುಟ್ಟುತ್ತದೆ, ಅದನ್ನು ಪರೀಕ್ಷೆ ಮಾಡಿಸುವುದು ಯಾರಿಗೂ ಹೊಳೆಯುವುದಿಲ್ಲ. ಎಸ್‌ಎಂಎ ಇರುವ ಮಗುವಿನ ಪ್ರತಿ ತಮ್ಮ ತಂಗಿಗೂ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲನೆಯದಕ್ಕೆ ಬಂದಾಯ್ತಲ್ಲ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಸಿರಿನ ಮೂರನೇ ತಿಂಗಳಲ್ಲೇ ಪರೀಕ್ಷೆ ಸಾಧ್ಯ. ಬೇಡ ಅನ್ನುವವರು ಹುಟ್ಟಿದ ಕೂಡಲೇ ಮಾಡಿಸಿ. ಅಮೆರಿಕದಲ್ಲಿ ಎಲ್ಲ ನವಜಾತ ಶಿಶುಗಳಿಗೂ ಮಾಡಿಸಬೇಕಾದ ಪರೀಕ್ಷೆಗಳ ಪಟ್ಟಿಗೆ 2018ರಲ್ಲೇ ಎಸ್‌ಎಂಎ ಸೇರಿತು. ನಮ್ಮಲ್ಲಿ ಅಂಥ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ, ನೀವೇ ಕೇಳಿ ಮಾಡಿಸಬೇಕು. ನ್ಯೂಸಿನರ್ಸೆನ್ ಎಂಬ ಇನ್ನೊಂದು ಎಸ್‌ಎಂಎ ಔಷಧಿಯನ್ನು ಲಕ್ಷಣ ಕಾಣುವ ಮೊದಲೇ, ಹುಟ್ಟಿದ ಆರು ವಾರದೊಳಗೆ, 25 ಮಕ್ಕಳಿಗೆ ಶುರು ಮಾಡಿದ ಅಧ್ಯಯನವಿದೆ. ಐದು ವರ್ಷದ ಹೊತ್ತಿಗೆ ಎಲ್ಲರೂ ಬದುಕಿದ್ದರು, 23 ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆಯುತ್ತಿದ್ದರು. ಅಣ್ಣನ ಗಾಲಿಕುರ್ಚಿ ತಳ್ಳುವ ತಂಗಿಯೊಬ್ಬಳು ನನ್ನ ಕ್ಲಿನಿಕ್‌ಗೂ ಬರುತ್ತಾಳೆ. ಇಬ್ಬರದೂ ಒಂದೇ ಕಾಯಿಲೆ, ಒಂದೇ ಔಷಧಿ. ಅವಳಿಗೆ ಬೇಗ ಸಿಕ್ಕಿತು, ಅಷ್ಟೇ.

ಇನ್ನು, ನನ್ನನ್ನಾಗಲಿ ಬೇರೆ ಯಾರನ್ನಾಗಲಿ ನೋಡಲು ಬರುವಾಗ ಜೆನೆಟಿಕ್ ವರದಿಯ ಪೂರ್ತಿ ಪ್ರತಿ ತನ್ನಿ. ಕಾಯಿಲೆಯ ಹೆಸರು ಸಾಲದು. ಡಿಎಂಡಿಯಲ್ಲಿ ಜೀನಿನ ಯಾವ ತುಂಡು (ಎಕ್ಸಾನ್) ಹೋಗಿದೆ ಎನ್ನುವುದರ ಮೇಲೆ ಕೆಲವು ಔಷಧಿಗಳು ನಿಂತಿವೆ. ಎಕ್ಸಾನ್ 51ರ ಔಷಧಿ ನೂರರಲ್ಲಿ ಸುಮಾರು ಹದಿಮೂರು ಹುಡುಗರಿಗೆ ಮಾತ್ರ ಹೊಂದುತ್ತದೆ. ಎಸ್‌ಎಂಎ ಆದರೆ ಎಸ್‌ಎಂಎನ್ ಪ್ರೋಟೀನನ್ನು ಅಲ್ಪಸ್ವಲ್ಪ ತಯಾರಿಸುವ ಎಸ್‌ಎಂಎನ್2 ಜೀನಿನ ಎಷ್ಟು ಪ್ರತಿ ಇವೆ ಎಂದು ನೋಡಬೇಕು. ವಾಟ್ಸಾಪ್‌ನಲ್ಲಿ ಮೊದಲ ಪುಟದ ಫೋಟೊ ಕಳಿಸಿ, ಅದೂ ಓರೆಯಾಗಿ, ‘ಇದಕ್ಕೆ ಮದ್ದಿದೆಯಾ ಸರ್’ ಅಂದರೆ ನಾನು ಏನು ಹೇಳಲಿ? ನಮಗೆ ಬೇಕಾದ ಸಾಲು ಹೆಚ್ಚಾಗಿ ಒಳಗಿನ ಪುಟದಲ್ಲಿ ಇರುತ್ತದೆ.