ವಿಡಿಯೊಗೆ ಶಟರ್ 1/50 ಇರಲಿ ಎನ್ನುವ ಮಾತು ಎಲ್ಲಿಂದ ಬಂತು?

ಯಕ್ಷಗಾನದ ಎಷ್ಟೋ ವಿಡಿಯೊಗಳಲ್ಲಿ ವೇಷಧಾರಿಯ ಹಿಂದಿನ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತಿರುತ್ತವೆ. ಅದು ಕ್ಯಾಮೆರಾದ ದೋಷವಲ್ಲ. ರಂಗಸ್ಥಳದ ಟ್ಯೂಬ್‌ಲೈಟು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50 ಇದ್ದರೆ, ಅಂದರೆ ವಿಡಿಯೊದ ಒಂದೊಂದು ಚಿತ್ರಕ್ಕೆ (ಫ್ರೇಮಿಗೆ) ಸೆಕೆಂಡಿನ ಐವತ್ತರಲ್ಲೊಂದು ಭಾಗ ಬೆಳಕು ಬಿದ್ದರೆ, ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ, 1/100 ಇದ್ದರೆ ಒಂದು. 1/60ಕ್ಕೆ ಇಟ್ಟರೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಆ ಅರೆಬರೆ ಲೆಕ್ಕವೇ ಪಟ್ಟೆಯಾಗಿ ಕಾಣುವುದು.

ಸ್ಟಿಲ್ ಕ್ಯಾಮೆರಾಕ್ಕೆ ವಿಡಿಯೊ ಬಂದಾಗ ಈ ಲೆಕ್ಕ ನಮ್ಮ ಕೈಯಲ್ಲಿ ಇರಲೇ ಇಲ್ಲ. 2008ರ ಆಗಸ್ಟ್‌ನಲ್ಲಿ ಪ್ರಕಟವಾದ ನಿಕಾನ್ ಡಿ90, ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್. 720ಪಿ (ಚಿತ್ರದ ಎತ್ತರಕ್ಕೆ 720 ಸಾಲು), ಸೆಕೆಂಡಿಗೆ 24 ಫ್ರೇಮು, ಒಂದು ಸಲಕ್ಕೆ ಐದು ನಿಮಿಷ. ಮರುತಿಂಗಳೇ ಪ್ರಕಟವಾದ ಕ್ಯಾನನ್ 5ಡಿ ಮಾರ್ಕ್ 2 1080ಪಿ ಕೊಟ್ಟಿತು. ಆದರೆ ಅಮೆರಿಕ, ಜಪಾನ್ ಟಿವಿಯ ಲೆಕ್ಕದ 30 ಫ್ರೇಮು ಮಾತ್ರ, ಶಟರನ್ನೂ ಅಪರ್ಚರನ್ನೂ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕ್ಯಾಮೆರಾವೇ ಆಯ್ದುಕೊಳ್ಳುತ್ತಿತ್ತು. ಜನ ಉಪಾಯ ಹುಡುಕಿದರು: ಅಡಾಪ್ಟರ್ ಹಾಕಿ ಕೈಯಲ್ಲೇ ಅಪರ್ಚರ್ ತಿರುಗಿಸುವ ಹಳೆಯ ನಿಕಾನ್ ಲೆನ್ಸ್ ಕೂರಿಸಿದರು, ಇಲ್ಲವೇ ಲೆನ್ಸನ್ನು ಅರ್ಧ ಸಡಿಲಿಸಿ ಕ್ಯಾಮೆರಾದೊಂದಿಗಿನ ಮಾತುಕತೆಯನ್ನೇ ತಪ್ಪಿಸಿದರು. ಸಡಿಲಾದ ಲೆನ್ಸ್ ಕೈಜಾರಿ ಬೀಳುವ ಭಯ ಬೇರೆ. 2009ರ ಜೂನ್ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಶಟರ್, ಅಪರ್ಚರ್, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರನ್ನೂ ನಮ್ಮ ಕೈಗೆ ಬಿಟ್ಟುಕೊಟ್ಟಿತು. 2010ರ ಮಾರ್ಚಿನದ್ದು 24, 25 ಫ್ರೇಮು ಕೊಟ್ಟಿತು.

1/50ಕ್ಕೆ ಇನ್ನೊಂದು ಮೂಲವೂ ಇದೆ. ಫಿಲ್ಮ್ ಕ್ಯಾಮೆರಾದೊಳಗೆ ಅರ್ಧ ತೆರೆದ ತಟ್ಟೆಯೊಂದು ತಿರುಗುತ್ತಿತ್ತು. ಫ್ರೇಮಿನ ಅರ್ಧ ಹೊತ್ತು ಬೆಳಕು, ಅರ್ಧ ಹೊತ್ತು ಕತ್ತಲು. 24 ಫ್ರೇಮಿಗೆ 1/48. ನಮ್ಮ 25ಕ್ಕೆ ಅದು 1/50 ಆಗುತ್ತದೆ. ಹೀಗೆ ಕರೆಂಟಿನ ಲೆಕ್ಕವೂ ಸಿನಿಮಾದ ಲೆಕ್ಕವೂ ನಮ್ಮಲ್ಲಿ ಒಂದೇ ಅಂಕಿಗೆ ಬಂದು ಕೂತಿವೆ. ಬಡಗುತಿಟ್ಟಿನ ವೇಷಧಾರಿ ಮಂಡಿಯಲ್ಲಿ ಸುತ್ತುವಾಗ 1/200ರಲ್ಲಿ ಮೈ ತುಂಡು ತುಂಡಾಗಿ ಜಿಗಿಯುತ್ತದೆ, 1/50ರಲ್ಲಿ ಕಸೆಯ ಅಂಚು ಹದವಾಗಿ ಮಸುಕಾಗುತ್ತದೆ. ಕ್ಯಾಮೆರಾ 30 ಫ್ರೇಮಿನಲ್ಲೇ ಇದ್ದರೂ ಶಟರ್ 1/50 ಇರಲಿ.

ಇದೂ ಕೈಕೊಡುವ ಜಾಗ ಜನರೇಟರ್. ಲೋಡು ಹೆಚ್ಚುಕಡಿಮೆಯಾದರೆ ಹರ್ಟ್ಸ್ ಅಲ್ಲಾಡುತ್ತದೆ, ಪಟ್ಟೆ ಮರಳುತ್ತದೆ. ಅಗ್ಗದ ಎಲ್‌ಇಡಿ ಫ್ಲಡ್‌ಲೈಟುಗಳದ್ದಂತೂ ಬೇರೆಯೇ ತಾಳ. ಆಟ ಶುರುವಾಗುವ ಮೊದಲು ಬಿಳಿ ಬಟ್ಟೆಯ ಮೇಲೆ ಹತ್ತು ಸೆಕೆಂಡು ತೆಗೆದು ನೋಡಿ. ಶಟರನ್ನು ದಶಮಾಂಶದಲ್ಲಿ ಬದಲಿಸುವ ಸೌಲಭ್ಯವಿದ್ದರೆ ಪಟ್ಟೆ ನಿಲ್ಲುವವರೆಗೆ ತಿರುಗಿಸಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬೇಡ. ಕೆಂಪು ವೇಷ ಹತ್ತಿರ ಬಂದೊಡನೆ ಮುಖದ ಬಣ್ಣ ತಿರುಗುತ್ತದೆ.

ಹಗಲಿನ ಪೇಚು ಬೇರೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಡುಮಧ್ಯಾಹ್ನ. ಫಿಲ್ಮ್ ಕಾಲದ ಬಿಸಿಲಿನ ಸೂತ್ರದಂತೆ ಐಎಸ್‌ಓ 100ಕ್ಕೆ ಎಫ್/16, 1/100 (ಎಫ್ ಅಂಕಿ ಹೆಚ್ಚಿದಷ್ಟೂ ಅಪರ್ಚರ್ ಕಿರಿದು). ಶಟರನ್ನು 1/50ಕ್ಕೆ ಇಳಿಸಿದರೆ ಅಪರ್ಚರ್ ಎಫ್/22ಕ್ಕೆ ಹೋಗುತ್ತದೆ. ಅಲ್ಲಿ ಚಿತ್ರದ ಚೂಪು ಹೋಗುತ್ತದೆ, ಸೆನ್ಸರಿನ ಮೇಲಿನ ಧೂಳಿನ ಕಣವೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಎಫ್/5.6 ಬೇಕೆಂದರೆ ಬೆಳಕನ್ನು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ತಗ್ಗಿಸಬೇಕು, ಅಂದರೆ ಲೆನ್ಸಿನ ಮುಂದೆ ಎನ್‌ಡಿ 16 ಎಂಬ ಮಬ್ಬು ಗಾಜು, ಎಫ್/2.8ಕ್ಕೆ ಎನ್‌ಡಿ 64. ಮರಳು, ನೀರು ಎರಚುವ ಬೆಳಕಿಗೆ ಇನ್ನೊಂದು ಸ್ಟಾಪ್ ಸೇರಿಸಿಕೊಳ್ಳಿ. ಲಾಗ್ ಪ್ರೊಫೈಲು (ಆಮೇಲೆ ಬಣ್ಣ ತಿದ್ದಲೆಂದು ಸಪ್ಪೆಯಾಗಿ ರೆಕಾರ್ಡ್ ಮಾಡುವ ವಿಧಾನ) ಐಎಸ್‌ಓ 800ಕ್ಕಿಂತ ಕೆಳಗಿಳಿಯದಿದ್ದರೆ ಮತ್ತೆ ಮೂರು. ಎಫ್/2.8ಕ್ಕೆ ಎನ್‌ಡಿ 64 ಕೊಂಡು ತಂದವರು ದಡದಲ್ಲಿ ತಲೆ ಕೆರೆದುಕೊಳ್ಳುವುದು ಇದಕ್ಕೇ. ತಿರುಗಿಸುವ ಎನ್‌ಡಿ ಎಂದರೆ ಒಂದರ ಮೇಲೊಂದು ಎರಡು ಪೋಲರೈಸರ್ (ಒಂದು ದಿಕ್ಕಿನ ಕಂಪನದ ಬೆಳಕನ್ನಷ್ಟೇ ಬಿಡುವ ಗಾಜು): ಕೊನೆಯವರೆಗೆ ತಿರುಗಿಸಿದರೆ ವೈಡ್ ಲೆನ್ಸಿನಲ್ಲಿ ಕತ್ತರಿಯಾಕಾರದ ಕರಿನೆರಳು ಬೀಳುತ್ತದೆ, ಒದ್ದೆ ಮರಳಿನ ಹೊಳಪೂ ಮಾಯವಾಗಬಹುದು.

ಹೆದ್ದಾರಿ 66ರಲ್ಲಿ ಓಡುವ ಗಾಡಿಯಿಂದ ತೆಗೆದ ತೆಂಗಿನಮರ ವಾಲುವುದಕ್ಕೂ ಶಟರ್ ವೇಗಕ್ಕೂ ಸಂಬಂಧವಿಲ್ಲ. ಸೆನ್ಸರು ಸಾಲುಸಾಲಾಗಿ ಓದುವ ಪರಿಣಾಮ ಅದು.

ಹಳೆಯ ಸ್ಟಿಲ್ ಕ್ಯಾಮೆರಾಗಳ ವಿಡಿಯೊಗೆ 29 ನಿಮಿಷ 59 ಸೆಕೆಂಡಿನ ಮಿತಿ ಬಂದದ್ದು ಯುರೋಪಿನ ಸುಂಕದಿಂದ. ಒಂದೇ ಸಮನೆ 30 ನಿಮಿಷ ರೆಕಾರ್ಡ್ ಮಾಡಬಲ್ಲದ್ದು ಅಲ್ಲಿ ವಿಡಿಯೊ ಕ್ಯಾಮೆರಾ ಎಂದು ಲೆಕ್ಕವಾಗಿ ಹೆಚ್ಚು ಸುಂಕ ಬೀಳುತ್ತಿತ್ತು. ಅಲ್ಲಿನ ಸುಂಕಕ್ಕೆ ಶಿರಸಿಯ ಪ್ರಸಂಗ ನಡುವೆ ಕಡಿಯಬೇಕಾಯಿತು! 5ಡಿ ಮಾರ್ಕ್ 2 ಇನ್ನೂ ಮೊದಲೇ, 4 ಜಿಬಿ ಫೈಲು ತುಂಬಿದೊಡನೆ, ಸುಮಾರು 12 ನಿಮಿಷಕ್ಕೇ ನಿಲ್ಲುತ್ತಿತ್ತು. ಹಳೆಯ ಕ್ಯಾಮೆರಾದವರು ಅದು ತಾನಾಗಿ ನಿಲ್ಲುವವರೆಗೆ ಕಾಯದೆ, ಪದ್ಯ ಮುಗಿದು ವೇಷ ಒಳಗೆ ಹೋಗುವಾಗ ನಿಲ್ಲಿಸಿ ಮತ್ತೆ ಒತ್ತುವುದು ಒಳ್ಳೆಯದು. ಧ್ವನಿಗೆ ಬೇರೆಯೇ ರೆಕಾರ್ಡರ್ ಇಟ್ಟು ಅದರ ಆಟೋ ಗೇನ್ (ದನಿಯ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ) ಬಂದ್ ಮಾಡಿ. ಇಲ್ಲದಿದ್ದರೆ ಚಂಡೆಯ ಒಂದೊಂದು ಪೆಟ್ಟಿಗೂ ಭಾಗವತರ ದನಿ ಕುಗ್ಗುತ್ತದೆ.