ಗೇರ್‌ಬಾಕ್ಸ್ ಇಳಿಸುವ ಮುಂಚೆ: ಲಾರಿಯ ಹೈಡ್ರಾಲಿಕ್ ಕ್ಲಚ್ ದೋಷ ಹುಡುಕುವ ಬಗೆ

ಗೇರ್ ಹಾಕುವಾಗ ಕರಕರ ಅಂದ ಕೂಡಲೇ ಗೇರ್‌ಬಾಕ್ಸ್ ಇಳಿಸಲು ಜಾಕ್ ತರುವವರೇ ಹೆಚ್ಚು. ಅದಕ್ಕೆ ಮುಂಚೆ ಒಂದು ಸ್ಟೀಲ್ ಸ್ಕೇಲು ಹಿಡಿದು ಐದು ನಿಮಿಷ ಲಾರಿ ಕೆಳಗೆ ಮಲಗಿದರೆ, ದೋಷ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಹೊರಕವಚ) ಒಳಗಿದೆಯೋ ಹೊರಗಿದೆಯೋ ಗೊತ್ತಾಗಿಬಿಡುತ್ತದೆ.

ದಾರಿ ಮೊದಲು ನೆನಪಿರಲಿ. ಪೆಡಲ್, ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಪೈಪು, ಹೋಸ್, ಆ ಆಯಿಲಿನಿಂದ ಚಲಿಸುವ ಸ್ಲೇವ್ ಸಿಲಿಂಡರ್, ಪುಶ್ ರಾಡ್, ಫೋರ್ಕ್, ರಿಲೀಸ್ ಬೇರಿಂಗ್, ಕೊನೆಗೆ ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳು (ಅದರ ಸ್ಪ್ರಿಂಗಿನ ತುದಿಗಳು). ಉದಾಹರಣೆಗೆ ಮಾಸ್ಟರ್ ಬೋರ್ (ಒಳವ್ಯಾಸ) 19 ಮಿ.ಮೀ., ಸ್ಲೇವ್ ಬೋರ್ 22 ಮಿ.ಮೀ. ಎಂದಿಟ್ಟುಕೊಳ್ಳಿ. ಮಾಸ್ಟರ್ ಪಿಸ್ಟನ್ 30 ಮಿ.ಮೀ. ಒಳಗೆ ಹೋದರೆ ಸ್ಲೇವ್ ಸುಮಾರು 22 ಮಿ.ಮೀ. ಮುಂದಕ್ಕೆ ಬರುತ್ತದೆ. ಇಷ್ಟಕ್ಕೆ ಓಡಾಡುವ ಆಯಿಲ್ ಎಷ್ಟು ಗೊತ್ತೇ? ಬರೀ 8.5 ಮಿ.ಲೀ., ಎರಡು ಟೀ ಚಮಚವೂ ತುಂಬುವುದಿಲ್ಲ. ಅದರಲ್ಲಿ 2 ಮಿ.ಲೀ. ಗಾಳಿಯನ್ನು ಅದುಮುವುದಕ್ಕೇ ಹೋಯಿತೆಂದರೆ ಸ್ಲೇವ್‌ಗೆ ಉಳಿಯುವುದು 17 ಮಿ.ಮೀ. ಓಟ (ಚಲನೆ). ಕ್ಲಚ್ ಪೂರ್ತಿ ಕಟ್ ಆಗದಿರಲು, ಅಂದರೆ ಗೇರ್‌ಬಾಕ್ಸ್ ಎಂಜಿನ್ನಿನಿಂದ ಪೂರ್ತಿ ಬೇರೆಯಾಗದಿರಲು, ಅಷ್ಟೇ ಸಾಕು.

ಈಗ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿರಲಿ, ಗೇರ್ ನ್ಯೂಟ್ರಲ್. ಕ್ಲಚ್ ಪೂರ್ತಿ ತುಳಿದು ಹತ್ತು ಎಣಿಸಿ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ನಿಂತಿರಬೇಕು. ಆಗಲೂ ಕರಕರ ಅಂದರೆ ಕ್ಲಚ್ ಕಟ್ ಆಗುತ್ತಿಲ್ಲ. ರಿವರ್ಸ್ ಸಲೀಸಾಗಿ ಬಿದ್ದು, ಓಡುವಾಗ ಮೂರನೇ ಗೇರ್ ಮಾತ್ರ ಸದ್ದು ಮಾಡಿದರೆ ಅದು ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗಿನ ತಕರಾರು, ಕ್ಲಚ್‌ನದ್ದಲ್ಲ.

ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು ಕೆಳಗೆ ಹೋಗಿ. ಸ್ಲೇವ್ ಪುಶ್ ರಾಡಿನ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿ, ಪಕ್ಕದಲ್ಲಿ ಸ್ಕೇಲು ಹಿಡಿದು, ಮೇಲಿದ್ದವರಿಗೆ ನಿಧಾನವಾಗಿ ಪೂರ್ತಿ ತುಳಿಯಲು ಹೇಳಿ. ಆ ಗಾಡಿಯ ಮ್ಯಾನ್ಯುಯಲ್ ಹೇಳುವಷ್ಟು ಓಟ ಸಿಕ್ಕರೆ ಹೈಡ್ರಾಲಿಕ್ ಭಾಗ ಅಪರಾಧಿಯಲ್ಲ. ಸವೆದ ಫೋರ್ಕ್ ಪಿವಟ್, ಮುರಿದ ಬೆರಳು, ಶಾಫ್ಟಿನ ಹಲ್ಲುಗಳ (ಸ್ಪ್ಲೈನ್) ಮೇಲೆ ತುಕ್ಕು ಹಿಡಿದು ಜಾರದ ಕ್ಲಚ್ ಪ್ಲೇಟು, ಜಾಮ್ ಆದ ಸ್ಪಿಗಾಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿ ಕೂರುವ ಬೇರಿಂಗ್) ಇವುಗಳಲ್ಲಿ ಒಂದು. ಆಗ ಧಾರಾಳವಾಗಿ ಜಾಕ್ ತನ್ನಿ.

ಓಟ ಕಮ್ಮಿ ಬಂದರೆ ಗಮನಿಸಬೇಕಾದದ್ದು, ಅದು ಹೇಗೆ ಕಮ್ಮಿಯಾಗುತ್ತಿದೆ ಎಂಬುದು.

ಮೂರು ನಾಲ್ಕು ಸಲ ಬೇಗಬೇಗ ತುಳಿದರೆ ಓಟ ಹೆಚ್ಚುತ್ತದೆ, ಪೆಡಲ್ ಸ್ಪಂಜಿನ ಹಾಗಿದೆ ಅಂದರೆ ಲೈನಿನಲ್ಲಿ ಗಾಳಿ ಇದೆ. ಮೊದಲು ಪೂರ್ತಿ ಓಟ ಬಂದು, ತುಳಿದು ಹಿಡಿದಂತೆಯೇ ಪುಶ್ ರಾಡ್ ಮೆಲ್ಲಗೆ ಹಿಂದೆ ಸರಿದರೆ ಎಲ್ಲೋ ಸೋರಿಕೆ. ಸ್ಲೇವ್‌ನ ಡಸ್ಟ್ ಬೂಟ್ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಅಲ್ಲಿಯೇ. ಎಲ್ಲೂ ಒದ್ದೆಯಿಲ್ಲ, ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲವೆಂದರೆ ಮಾಸ್ಟರ್‌ನ ರಬ್ಬರ್ ಕಪ್ ಸವೆದು ಆಯಿಲ್ ಒಳಗೊಳಗೇ ಹಿಂದಕ್ಕೆ ದಾಟುತ್ತಿದೆ. ಖಾತ್ರಿ ಮಾಡಿಕೊಳ್ಳಲು ಮಾಸ್ಟರ್‌ನ ಔಟ್‌ಲೆಟ್ಟಿಗೆ ಸರಿಯಾದ ಥ್ರೆಡ್ಡಿನ ಪ್ಲಗ್ ಹಾಕಿ, ಗಾಳಿ ತೆಗೆದು ತುಳಿಯಿರಿ. ಪೆಡಲ್ ಕಲ್ಲಿನಂತೆ ನಿಂತರೆ ಮಾಸ್ಟರ್ ಸರಿಯಿದೆ, ಕುಸಿದರೆ ಮಾಸ್ಟರ್ ಹೋಗಿದೆ. ತುಳಿಯುವಾಗ ಹೋಸನ್ನು ಮುಷ್ಟಿಯಲ್ಲಿ ಹಿಡಿದು ಉಬ್ಬುತ್ತಿದೆಯೇ ನೋಡಿ. ಮಾಸ್ಟರ್ ಕೂತಿರುವ ತಗಡು ಬಿರುಕು ಬಿಟ್ಟು ಬಾಗುವುದೂ ಉಂಟು. ಇದನ್ನು ಬಹಳಷ್ಟು ಜನ ನೋಡುವುದೇ ಇಲ್ಲ.

ಬ್ರೇಕಿನ ಲೆಕ್ಕ ಕ್ಲಚ್‌ಗೆ ಹಾಕಬೇಡಿ. ಬ್ರೇಕ್ ಲೈನಿಂಗ್ ಸವೆದರೆ ಡಬ್ಬಿಯ ಮಟ್ಟ ಇಳಿಯುತ್ತದೆ. ತಾನಾಗಿ ಹೊಂದಿಕೊಳ್ಳುವ ಸಾಮಾನ್ಯ ಡಯಾಫ್ರಾಮ್ ಕ್ಲಚ್‌ನಲ್ಲಿ ಪ್ಲೇಟು ಸವೆದಷ್ಟೂ ಬೆರಳುಗಳು ಹಿಂದೆ ಬಂದು ಸ್ಲೇವ್ ಪಿಸ್ಟನ್ನನ್ನು ಒಳಗೆ ತಳ್ಳುತ್ತವೆ, ಮಟ್ಟ ತುಸು ಏರುತ್ತದೆ. ಹಾಗಾಗಿ ಕ್ಲಚ್ ಡಬ್ಬಿ ಇಳಿಯುತ್ತಿದ್ದರೆ ಸೋರಿಕೆಯೇ. ಬೆಲ್ ಹೌಸಿಂಗ್ ಕೆಳಗೆ ಹನಿ ಕಂಡರೆ ಯಾವುದರದ್ದೆಂದು ತಿಳಿಯಲು ಒಂದು ಬಟ್ಟಲು ನೀರಿಗೆ ಹಾಕಿ. ಎಂಜಿನ್ ಆಯಿಲ್, ಗೇರ್ ಆಯಿಲ್ ತೇಲುತ್ತವೆ. ಕ್ಲಚ್ ಲೈನಿನಲ್ಲಿರುವ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ.

ಕ್ಲಚ್ ಸ್ಲಿಪ್ ಆಗುತ್ತಿದ್ದರೆ, ಅಂದರೆ ಆರ್‌ಪಿಎಂ ಏರಿದರೂ ಗಾಡಿ ಎಳೆಯದಿದ್ದರೆ, ಪ್ಲೇಟಿನ ಮೇಲೆ ತೀರ್ಪು ಕೊಡುವ ಮುಂಚೆ ಸ್ಲೇವ್‌ನ ಬ್ಲೀಡರ್ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ. ಪೆಡಲ್ ಬಿಟ್ಟಿದ್ದರೂ ಆಯಿಲ್ ಒತ್ತಡದಿಂದ ಚಿಮ್ಮಿ ಪುಶ್ ರಾಡ್ ಹಿಂದೆ ಸರಿದರೆ ಲೈನಿನಲ್ಲಿ ಒತ್ತಡ ಸಿಕ್ಕಿಹಾಕಿಕೊಂಡಿದೆ. ಪೆಡಲ್‌ಗೆ ಫ್ರೀ ಪ್ಲೇ (ಶುರುವಿನ ಸಡಿಲ ಓಟ) ಇಲ್ಲದೆ ಮಾಸ್ಟರ್‌ನ ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುವುದು, ಇಲ್ಲವೇ ಯಾರೋ ಎಂಜಿನ್ ಆಯಿಲ್ ಸುರಿದು ಕಪ್‌ಗಳು ಊದಿರುವುದು ಕಾರಣ. ಹಾಗೆ ಊದಿದ್ದರೆ ಎರಡೂ ಸಿಲಿಂಡರ್, ಹೋಸ್ ಎಲ್ಲ ಬದಲಿಸಲೇಬೇಕು. ಬರೀ ರಬ್ಬರ್ ಕಿಟ್ ಹಾಕಿ ಉಳಿಸಲು ಹೋಗಬೇಡಿ.

ಭಾರಿ ಲಾರಿಗಳಲ್ಲಿ ಸ್ಲೇವ್ ಜಾಗದಲ್ಲಿ ಗಾಳಿಯ ಒತ್ತಡದಿಂದ ತಳ್ಳಲು ನೆರವಾಗುವ ಏರ್ ಬೂಸ್ಟರ್ ಇರುತ್ತದೆ. ಪೆಡಲ್ ದಿಢೀರನೆ ಬಿರುಸಾದರೆ ಮೊದಲು ಏರ್ ಗೇಜ್ ನೋಡಿ. ಹೊರಗೆಲ್ಲೂ ಹನಿಯಿಲ್ಲದೆ ಡಬ್ಬಿ ಇಳಿಯುತ್ತಿದ್ದರೆ ಬೂಸ್ಟರಿನ ಎಕ್ಸಾಸ್ಟ್ ರಂಧ್ರಕ್ಕೆ ಬಿಳಿ ಬಟ್ಟೆ ಹಿಡಿದು ಪೆಡಲ್ ತುಳಿದು ಬಿಡಿಸಿ. ಬಟ್ಟೆ ಒದ್ದೆಯಾದರೆ ಒಳಗಿನ ಸೀಲ್ ಹೋಗಿ ಆಯಿಲ್ ಗಾಳಿಯ ಕಡೆಗೆ ದಾಟುತ್ತಿದೆ.

ಏರ್ ತೆಗೆಯುವಾಗ ಡಬ್ಬಿಯ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಬಳಸಿ, ಅದೂ ಹೊಸ ಸೀಲ್ ಒಡೆದದ್ದು. ತೆರೆದಿಟ್ಟ ಆಯಿಲ್ ಗಾಳಿಯ ತೇವ ಹೀರುತ್ತದೆ. ಬ್ಲೀಡರ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ತುಳಿದು ಹಿಡಿಯಬೇಕು, ಬ್ಲೀಡರ್ ಬಿಚ್ಚಬೇಕು, ಮುಚ್ಚಬೇಕು, ಆಮೇಲೆ ಪೆಡಲ್ ಬಿಡಬೇಕು. ಮುಚ್ಚುವ ಮೊದಲೇ ಬಿಟ್ಟರೆ ಬ್ಲೀಡರ್ ಥ್ರೆಡ್ಡಿನಿಂದ ಮತ್ತೆ ಗಾಳಿ ಒಳಗೆ. ನಡುವೆ ಡಬ್ಬಿ ಖಾಲಿಯಾದರೆ ಮೊದಲಿನಿಂದ ಶುರು. ಗುಳ್ಳೆ ನಿಂತ ಮೇಲೆ ಬ್ಲೀಡರ್ ಬಿಗಿ ಮಾಡಿ, ಚಾಕ್‌ಪೀಸಿನ ಗುರುತಿನ ಪಕ್ಕ ಮತ್ತೆ ಸ್ಕೇಲು ಹಿಡಿಯಿರಿ. ಮೇಲಿನ ಉದಾಹರಣೆಯಂತೆ 17 ಇದ್ದದ್ದು 22 ಆಗದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.