ನೋವು ಯಾವ ಕಡೆಗೆ ಸರಿಯಿತು?

ಹತ್ತು ಬಾರಿ ಸೊಂಟವನ್ನು ಹಿಂದಕ್ಕೆ ಬಾಗಿಸಿದ ಮೇಲೆ, ಮೀನಖಂಡದವರೆಗೆ ಇಳಿದಿದ್ದ ನೋವು ತೊಡೆಗೆ ಏರಿ, ಕೊನೆಗೆ ಸೊಂಟದ ನಡುಮಧ್ಯದಲ್ಲಿ ಬಂದು ನಿಂತರೆ ಅದು ಒಳ್ಳೆಯ ಸೂಚನೆ. ಸೊಂಟದ ನೋವು ಮೊದಲಿಗಿಂತ ತುಸು ಹೆಚ್ಚಾಗಿದ್ದರೂ ಸರಿಯೇ. ಕಾಲಿನಿಂದ ಬೆನ್ನಿನತ್ತ ನೋವು ಹೀಗೆ ಹಿಂದೆ ಸರಿಯುವುದನ್ನು ಫಿಸಿಯೋಥೆರಪಿಯಲ್ಲಿ ಕೇಂದ್ರೀಕರಣ ಎನ್ನುತ್ತಾರೆ. ನೋವು ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಕಡೆಗೆ ಸರಿಯಿತು ಎಂಬುದು ಹೆಚ್ಚು ಹೇಳುತ್ತದೆ ಎಂಬ ತಿಳಿವಳಿಕೆ ಇನ್ನಷ್ಟು ರೋಗಿಗಳನ್ನು ತಲುಪಬೇಕು.

ಇದನ್ನು ಮೊದಲು ಗಂಭೀರವಾಗಿ ಪರಿಗಣಿಸಿದವರಲ್ಲಿ ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್ ನಗರದ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಪ್ರಮುಖರು. 1956ರಲ್ಲಿ, ಕಾಲಿಗಿಳಿದ ನೋವಿನಿಂದ ಬಳಲುತ್ತಿದ್ದ ರೋಗಿಯೊಬ್ಬರು ಅವರ ಚಿಕಿತ್ಸಾಲಯದಲ್ಲಿ ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ಬೋರಲು ಮಲಗಿಬಿಟ್ಟರು. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿ ಅಂದಿನ ತಿಳಿವಳಿಕೆಯ ಪ್ರಕಾರ ಅಪಾಯಕರವಾಗಿತ್ತು. ಮೆಕೆಂಜಿ ಒಳಗೆ ಬಂದಾಗ ರೋಗಿಯ ಕಾಲಿನ ನೋವು ಮಾಯವಾಗಿತ್ತು. ಅವರು ಅದನ್ನು ಆಕಸ್ಮಿಕವೆಂದು ತಳ್ಳಿಹಾಕದೆ, ಮುಂದಿನ ರೋಗಿಗಳಲ್ಲಿ ಒಂದೊಂದೇ ದಿಕ್ಕಿನ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿ ಗಮನಿಸುತ್ತ ಹೋದರು. 1981ರಲ್ಲಿ ಪುಸ್ತಕವಾಗಿ ಹೊರಬಂದ ವಿಧಾನದ ಬೇರು ಅಲ್ಲಿದೆ.

ಚಲನೆಗೆ ಕೈಹಾಕುವ ಮುನ್ನ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಗುದದ್ವಾರದ ಸುತ್ತ ಮರಗಟ್ಟುವುದು, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಗ್ಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಬಿದ್ದು ಪೆಟ್ಟಾದದ್ದು: ಇಂಥವರು ಮೊದಲು ವೈದ್ಯರನ್ನು ಕಾಣಬೇಕು. ಮೊದಲೆರಡು ಲಕ್ಷಣಗಳಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಂತರ ನರಗಳ ಪರೀಕ್ಷೆ. ತುದಿಗಾಲಲ್ಲಿ ನಡೆಯಲು ಆಗುತ್ತದೆಯೇ, ಹಿಮ್ಮಡಿಯ ಮೇಲೆ ನಡೆಯಲು ಆಗುತ್ತದೆಯೇ, ಹೆಬ್ಬೆರಳನ್ನು ಮೇಲೆತ್ತುವಾಗ ಎರಡೂ ಕಾಲಿನ ಬಲ ಸಮನಾಗಿದೆಯೇ ಎಂದು ನೋಡುತ್ತಾರೆ. ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಕಾಲನ್ನು ಮೆಲ್ಲನೆ ಎತ್ತುತ್ತಾರೆ. ಸುಮಾರು 30ರಿಂದ 70 ಡಿಗ್ರಿಯ ನಡುವೆ ನೋವು ಮಂಡಿಯ ಕೆಳಗೆ ಹರಿದರೆ ನರದ ಬೇರು ಕೆರಳಿರುವ ಸಂಭವವಿದೆ. ತೊಡೆಯ ಹಿಂಭಾಗ ಬಿಗಿದಂತಾದರೆ ಅದು ಬೇರೆ ಮಾತು. ಅದು ಬಹಳ ಜನರಿಗೆ ಆಗುತ್ತದೆ.

ನಿಜವಾದ ಶೋಧ ಶುರುವಾಗುವುದು ಇದರ ಬಳಿಕ. ಒಂದೇ ಬಾರಿ ಬಾಗಿಸಿ ನೋಡಿದರೆ ತಿಳಿಯುವುದು ಕಡಿಮೆ, ಏಕೆಂದರೆ ನೊಂದ ಬೆನ್ನು ಯಾವ ಕಡೆ ಬಾಗಿದರೂ ನೋಯುತ್ತದೆ. ಅದೇ ಚಲನೆಯನ್ನು ಹತ್ತು ಸಲ, ಮತ್ತೆ ಹತ್ತು ಸಲ ಮಾಡಿಸಿದಾಗ ಬೆನ್ನಿನ ಸ್ವಭಾವ ಹೊರಬೀಳುತ್ತದೆ. ಕೆಲವರಿಗೆ ಮುಂದಕ್ಕೆ ಬಾಗಿದಷ್ಟೂ ನೋವು ಕಾಲಿಗೆ ಇಳಿಯುತ್ತದೆ, ಹಿಂದಕ್ಕೆ ಬಾಗಿದಷ್ಟೂ ಮೇಲೇರುತ್ತದೆ. ಇಂಥವರು ಬೋರಲು ಮಲಗಿ, ಮೊದಲು ಮೊಣಕೈಗಳ ಮೇಲೆ ಎದೆಯೆತ್ತಿ, ಆಮೇಲೆ ಅಂಗೈ ಊರಿ ತೋಳುಗಳನ್ನು ನೇರ ಮಾಡುತ್ತ, ಸೊಂಟವನ್ನು ಮಂಚಕ್ಕೆ ಸಡಿಲವಾಗಿ ಇಳಿಬಿಡುವುದೇ ಅವರ ಔಷಧ. ಪರೀಕ್ಷೆಗಾಗಿ ಮಾಡಿಸಿದ ಚಲನೆಯೇ ಚಿಕಿತ್ಸೆಯಾಗುತ್ತದೆ. ಈ ವಿಧಾನದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದೇ. ಬೆನ್ನುಹುರಿಯ ಕಾಲುವೆ ಕಿರಿದಾದ ಹಿರಿಯರಲ್ಲಿ ಚಿತ್ರ ತಿರುವುಮುರುವು. ನಡೆಯುವಾಗ ಕಾಲು ಸೋತು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುವ ಅವರಿಗೆ ಹಿಂದಕ್ಕೆ ಬಾಗುವ ವ್ಯಾಯಾಮ ಕಷ್ಟವನ್ನೇ ಹೆಚ್ಚಿಸಬಹುದು. ಎಲ್ಲರಿಗೂ ಒಂದೇ ವ್ಯಾಯಾಮದ ಚೀಟಿ ಬರೆದುಕೊಡುವುದು ಆದ್ದರಿಂದಲೇ ತಪ್ಪು.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 312 ರೋಗಿಗಳನ್ನು ಹೀಗೆ ಪರೀಕ್ಷಿಸಿದಾಗ 230 ಮಂದಿಯಲ್ಲಿ ನೋವು ತಗ್ಗಿಸುವ ಒಂದು ನಿರ್ದಿಷ್ಟ ದಿಕ್ಕು ಕಂಡುಬಂತು. ಆ ದಿಕ್ಕಿನಲ್ಲೇ ವ್ಯಾಯಾಮ ಮಾಡಿದವರು, ವಿರುದ್ಧ ದಿಕ್ಕಿನಲ್ಲಿ ಅಥವಾ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಎರಡು ವಾರಗಳಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡರು. ಇದರ ಕಾರಣ ಇನ್ನೂ ಚರ್ಚೆಯಲ್ಲಿದೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕಿನ ಒಳಗಿನ ಮೆತ್ತನೆಯ ತಿರುಳು ಚಲನೆಗೆ ತಕ್ಕಂತೆ ಸರಿಯುತ್ತದೆ ಎಂಬ ಹಳೆಯ ವಿವರಣೆ ಎಲ್ಲ ರೋಗಿಗಳಿಗೂ ಒಪ್ಪುವುದಿಲ್ಲ.

ಹಾಗಾದರೆ ಎಂಆರ್‌ಐ? ನೋವಿಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯಲ್ಲಿ, 20ರ ಹರೆಯದವರಲ್ಲೇ ಸುಮಾರು ಶೇ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ಅದು ಶೇ 84. ಅಲುಗಾಡದೆ ಮಲಗಿದ ಬೆನ್ನಿನ ಚಿತ್ರ, ಆ ಬೆನ್ನು ಬಾಗಿದಾಗ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ಯೋಚನೆಯಿದ್ದಾಗ, ಗಂಭೀರ ಕಾಯಿಲೆಯ ಅನುಮಾನ ಬಂದಾಗ ಸ್ಕ್ಯಾನ್ ಬೇಕೇ ಬೇಕು. ಉಳಿದವರಿಗೆ ವರದಿಯ ದೊಡ್ಡ ದೊಡ್ಡ ಪದಗಳು ಹೆದರಿಕೆಯನ್ನಷ್ಟೇ ಕೊಡುತ್ತವೆ.

ಹೆದರಿಕೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹಿಂದಕ್ಕೆ ಬಾಗಿ ಗುಣ ಕಂಡವರು ಮುಂದಕ್ಕೆ ಬಾಗುವುದನ್ನೇ ಬಿಟ್ಟುಬಿಡುವುದುಂಟು. ನೆಲದಿಂದ ಏನನ್ನಾದರೂ ಎತ್ತಲೂ ಹಿಂಜರಿಯುತ್ತಾರೆ. ನೋವು ಪೂರ್ತಿ ತಗ್ಗಿ ಕೆಲವು ದಿನ ಹಾಗೇ ಉಳಿದ ಮೇಲೆ, ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ಎಳೆದುಕೊಳ್ಳುವುದರಿಂದ ಆರಂಭಿಸಿ, ಕುಳಿತು, ನಂತರ ನಿಂತು ಬಾಗುವವರೆಗೆ ಮೆಲ್ಲಮೆಲ್ಲನೆ ಮರಳಬೇಕು. ಪ್ರತಿ ಸರದಿಯ ಬಳಿಕ ಕೆಲವು ಬಾರಿ ಹಿಂದಕ್ಕೆ ಬಾಗಿ ನೋಡಬೇಕು. ಕಾಲಿನ ನೋವು ಮರುಕಳಿಸಿದರೆ ಮುಂದಕ್ಕೆ ಬಾಗುವುದನ್ನು ಇನ್ನೂ ಕೆಲವು ದಿನ ಮುಂದೂಡಬೇಕು. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಈ ಹಂತದಲ್ಲಿ, ನೋವು ಹೋಯಿತಲ್ಲ ಎಂದು ರೋಗಿ ಬರುವುದನ್ನು ನಿಲ್ಲಿಸಿದಾಗ.